ಹೆಡ್ ಬಿಚ್ಚುವ ಮೊದಲು ನೀರು ಎಲ್ಲಿ ಹೋಯಿತು ನೋಡಿ: ಡೆಲಿಕಾ ವ್ಯಾನಿನ 4ಡಿ56 ಡೀಸೆಲ್ ಹೆಡ್ ರಿಪೇರಿ

ಬ್ರಿಟಿಷ್ ಕೊಲಂಬಿಯಾದ ಹೋಪ್ ಊರು ದಾಟಿ ಕೊಕ್ವಿಹಾಲಾ ಹೆದ್ದಾರಿಯ ಏರು ಹತ್ತುತ್ತಿದ್ದೆ. ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಂತಿತ್ತು, ಅದನ್ನೇ ನಂಬಿದ್ದೆ. ಹಿಂದಿನ ಸೀಟಿನಲ್ಲಿದ್ದ ಮಗಳು "ಅಪ್ಪಾ, ಹೀಟರ್‌ನಿಂದ ತಣ್ಣನೆ ಗಾಳಿ ಬರ್ತಿದೆ" ಅಂದಳು. ಹೀಟರ್ ಸ್ವಿಚ್ ಕೆಟ್ಟಿರಬೇಕು ಅಂದುಕೊಂಡು ಮುಂದೆ ಓಡಿಸಿದೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಎಳೆತ ಹೋಯಿತು, ಹಿಂದೆ ಬಿಳಿ ಹೊಗೆ ತುಂಬಿತು, 1,244 ಮೀಟರ್ ಎತ್ತರದ ಘಾಟಿಯ ತುದಿ ಇನ್ನೂ ದೂರವಿತ್ತು.

ತಣ್ಣನೆ ಹೀಟರ್ ಆಗಲೇ ಎಲ್ಲ ಹೇಳಿಬಿಟ್ಟಿತ್ತು. ಎಂಜಿನ್ನನ್ನು ತಣ್ಣಗಿಡುವ ನೀರು, ಅಂದರೆ ಕೂಲೆಂಟ್, ಖಾಲಿಯಾದರೆ ಹೀಟರ್‌ಗೆ ಬಿಸಿನೀರು ಹೋಗುವುದಿಲ್ಲ. ಟೆಂಪರೇಚರ್ ಸೆನ್ಸರ್ ಕೂಡ ನೀರಿನ ಬದಲು ಗಾಳಿಯಲ್ಲಿ ನಿಂತಿರುತ್ತದೆ, ಹಾಗಾಗಿ ಮುಳ್ಳು ಮೇಲೇರುವುದಿಲ್ಲ. ಮುಳ್ಳು ಸುಳ್ಳು ಹೇಳಬಹುದು, ಹೀಟರ್ ಹೇಳುವುದಿಲ್ಲ.

ಮಾರನೇ ದಿನ ದಾವಣಗೆರೆಯಲ್ಲಿರುವ ಸೋದರಮಾವನಿಗೆ ಫೋನ್ ಹಚ್ಚಿದೆ. ಮೂವತ್ತು ವರ್ಷ ಪಿ.ಬಿ. ರೋಡಿನಲ್ಲಿ ಡೀಸೆಲ್ ಗಾಡಿ ಬಿಚ್ಚಿದ ಕೈ ಅವರದು. "ಮಾವ, ಹೆಡ್ ಹೋಗಿದೆ ಅನ್ಸುತ್ತೆ" ಅಂದೆ. "ಲೇ ತಮ್ಮಾ, ಹೆಡ್ ಹೋತು ಅನ್ನೋದು ಆಮ್ಯಾಲೆ ಹೇಳು. ಮೊದ್ಲು ನೀರು ಎಲ್ಲಿ ಹೋತು ಅದನ್ನ ಹೇಳು" ಅಂದರು. ಈ ಬರಹದ ತಿರುಳು ಅಷ್ಟೇ. ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂತ ಎಂಜಿನ್ನಿನ ಮುಚ್ಚಳ, ತಾನಾಗಿ ಒಡೆಯುವುದು ಅಪರೂಪ, ಯಾವುದೋ ಪೈಪ್, ಕ್ಯಾಪ್ ಅಥವಾ ಪಂಪ್ ಅದನ್ನು ಒಡೆಸುತ್ತದೆ. ಆ ಕಾರಣ ಹುಡುಕದೆ ಹೊಸ ಹೆಡ್ ಕೂರಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಗಾಡಿ ಮತ್ತು ಎಂಜಿನ್

ನನ್ನದು ಮಿತ್ಸುಬಿಷಿ ಡೆಲಿಕಾ ಸ್ಟಾರ್ ವ್ಯಾಗನ್, ಪಿ35ಡಬ್ಲ್ಯು, ನಾಲ್ಕು ಚಕ್ರಕ್ಕೂ ಎಳೆತ ಇರುವ ಮಾದರಿ. 1986ರಲ್ಲಿ ಶುರುವಾದ ಮೂರನೇ ತಲೆಮಾರು. ಜಪಾನಿನಲ್ಲಿ ಓಡಿ ಹಳತಾದ ಗಾಡಿಗಳು ಕೆನಡಾಕ್ಕೆ ಬರುವುದು 15 ವರ್ಷದ ನಿಯಮದಲ್ಲಿ: 15 ವರ್ಷ ದಾಟಿದ ವಾಹನಕ್ಕೆ ಇಲ್ಲಿನ ಹೊಸ ಗಾಡಿಗಳ ಸುರಕ್ಷತಾ ಮಾನದಂಡದಿಂದ ವಿನಾಯಿತಿ ಇದೆ. ಸ್ಟೀರಿಂಗ್ ಬಲಕ್ಕೆ. ಊರಿನಿಂದ ಬಂದವರಿಗೆ ಅದೇ ಒಂದು ಸುಖ.

ಎಂಜಿನ್ 4ಡಿ56 ಟರ್ಬೊ ಡೀಸೆಲ್. 2.5 ಲೀಟರ್, ನಾಲ್ಕು ಸಿಲಿಂಡರ್, ಬೋರ್ 91.1 ಮಿ.ಮೀ., ಸ್ಟ್ರೋಕ್ 95 ಮಿ.ಮೀ. ಸಿಲಿಂಡರುಗಳಿರುವ ಕೆಳಭಾಗ, ಅಂದರೆ ಬ್ಲಾಕ್, ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಮೇಲೆ ಒಂದೇ ಕ್ಯಾಮ್‌ಶಾಫ್ಟ್, ವಾಲ್ವು ತೆರೆಸುವ ಆ ದಂಡವನ್ನು ತಿರುಗಿಸಲು ಟೈಮಿಂಗ್ ಬೆಲ್ಟ್. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್ ಒಳಗಿನ ಪುಟ್ಟ ಸ್ವರ್ಲ್ ಚೇಂಬರಿನಲ್ಲಿ ಉರಿದು ಕೆಳಕ್ಕೆ ನುಗ್ಗುತ್ತದೆ. ಹಾಗಾಗಿ ಶಾಖದ ಹೊರೆ ಹೆಚ್ಚಾಗಿ ಬೀಳುವುದು ಹೆಡ್ ಮೇಲೇ, ಅದರಲ್ಲೂ ಇನ್‌ಲೆಟ್ ಮತ್ತು ಎಕ್ಸಾಸ್ಟ್ ವಾಲ್ವ್ ಸೀಟುಗಳ (ವಾಲ್ವು ಮುಚ್ಚಿದಾಗ ಕೂರುವ ಬಳೆಗಳ) ನಡುವಿನ ಕಿರಿದಾದ ಸೇತುವೆಯ ಮೇಲೆ.

ನಮ್ಮೂರಲ್ಲಿ ಪಜೆರೋ ಸ್ಪೋರ್ಟ್‌ನಲ್ಲಿ ಬಂದದ್ದೂ ಇದೇ ಹೆಸರಿನ ಎಂಜಿನ್ನೇ. ಆದರೆ ಅದು ಕಾಮನ್ ರೈಲ್, ಹದಿನಾರು ವಾಲ್ವಿನದು. "ಬೆಂಗಳೂರಿನ ಜೆ.ಸಿ. ರೋಡಿಂದ ಹೆಡ್ ತರಿಸಿಬಿಡ್ತೀನಿ" ಅಂತ ಹೊರಟರೆ ದುಡ್ಡು ದಂಡ. ಭಾಗ ಕೊಳ್ಳುವಾಗ ಹೆಸರು ಹೇಳಬೇಡಿ, ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಕೊಡಿ.

ಹೆಡ್ ಯಾಕೆ ಬಾಗುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಬೀಡು ಕಬ್ಬಿಣದ ಸುಮಾರು ಎರಡರಷ್ಟು. ಅರ್ಧ ಮೀಟರ್ ಉದ್ದದ ಹೆಡ್ 80 ಡಿಗ್ರಿ ಬಿಸಿಯೇರಿದರೆ ಸುಮಾರು 0.9 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಬ್ಲಾಕ್ 0.45. ಆ ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನು ಎರಡರ ನಡುವೆ ಕೂತ ತೆಳು ಹಾಳೆ, ಗ್ಯಾಸ್ಕೆಟ್, ದಿನಾ ನುಂಗಿಕೊಳ್ಳುತ್ತದೆ. ನೀರಿಲ್ಲದೆ ಹೆಡ್ 200 ಡಿಗ್ರಿಯ ಹತ್ತಿರ ಹೋದಾಗ ಅದು ಹಿಗ್ಗಲು ನೋಡುತ್ತದೆ, ಬೋಲ್ಟು ಬಿಡುವುದಿಲ್ಲ. ಬಾಗುತ್ತದೆ, ಇಲ್ಲವೇ ಸೀಟುಗಳ ನಡುವೆ ಬಿರಿಯುತ್ತದೆ.

ಬಿಚ್ಚುವ ಮೊದಲು ಪತ್ತೆ ಕೆಲಸ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಆ ಕ್ಯಾಪ್ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿಟ್ಟು ನೀರು ಕುದಿಯುವ ಬಿಂದುವನ್ನು 20 ಡಿಗ್ರಿಯಷ್ಟು ಮೇಲಕ್ಕೆ ಒಯ್ಯುತ್ತದೆ. ಬಿಸಿಯಲ್ಲಿ ತೆರೆದರೆ ಅಷ್ಟೂ ನೀರು ಒಂದೇ ಸಲಕ್ಕೆ ಕುದ್ದು ಮುಖಕ್ಕೆ ಬರುತ್ತದೆ.

ನೀರು ತುಂಬಿಸಿ, ಕೂಲಿಂಗ್ ಪ್ರೆಶರ್ ಟೆಸ್ಟರ್ ಹಾಕಿ ಕ್ಯಾಪಿನ ಒತ್ತಡದವರೆಗೆ ಪಂಪ್ ಮಾಡಿ, ಗಾಡಿಯ ಕೆಳಗೆ ಮಲಗಿ ನೋಡಿ. ನನ್ನ ಗಾಡಿಯಲ್ಲಿ ಉತ್ತರ ಐದೇ ನಿಮಿಷಕ್ಕೆ ಸಿಕ್ಕಿತು. ಹಿಂದಿನ ಹೀಟರ್‌ಗೆ ನೀರು ಒಯ್ಯುವ ಎರಡು ಕಬ್ಬಿಣದ ಪೈಪುಗಳು ನೆಲದಡಿಯಲ್ಲಿ ಹಾದು ಹೋಗುತ್ತವೆ. ಕ್ಲಾಂಪ್ ಹಿಡಿದಿದ್ದ ಜಾಗದಲ್ಲಿ ತುಕ್ಕು ಹಪ್ಪಳದಂತೆ ಎದ್ದಿತ್ತು. ಉಗುರಲ್ಲಿ ಕೆರೆದೆ, ಹಪ್ಪಳ ಉದುರಿತು, ಸೂಜಿಯಷ್ಟು ದಪ್ಪದ ಹಸಿರು ನೀರಿನ ಎಳೆ ಚಿಮ್ಮಿತು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಈ ಪೈಪು ಹೀಗೆ ಹೋಗುವುದು ಮಾಮೂಲು. ಡೆಲಿಕಾ ಕೊಂಡ ದಿನವೇ ನೋಡಬೇಕಾದ ಮೊದಲ ಜಾಗ ಇದು.

ಹೊರಗಡೆ ಎಲ್ಲೂ ಸೋರದೆ ಒತ್ತಡ ಇಳಿಯುತ್ತಿದ್ದರೆ ನೀರು ಒಳಗೆ ಹೋಗುತ್ತಿದೆ. ಹೆಡ್ ಅಥವಾ ಗ್ಯಾಸ್ಕೆಟ್ ಕೆಟ್ಟಿದೆ ಅನ್ನುವುದಕ್ಕೆ ನಾನು ನೋಡುವ ಗುರುತುಗಳು ಇವು. ರಾತ್ರಿ ನಿಲ್ಲಿಸಿದ ಗಾಡಿಯ ಮೇಲಿನ ಹೋಸ್ ಬೆಳಿಗ್ಗೆಯೂ ಬಿಗಿಯಾಗಿದ್ದರೆ ಒಳಗೆ ಉರಿದ ಗ್ಯಾಸು ಸೇರಿಕೊಂಡಿದೆ. ಕ್ಯಾಪ್ ತೆಗೆದು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದಾಗ ನಿಲ್ಲದೆ ಗುಳ್ಳೆ ಬರುತ್ತಿದ್ದರೂ ಅದೇ. ಬಿಳಿ ಹೊಗೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಉರಿಯುತ್ತಿದೆ. ಆಯಿಲ್ ಡಿಪ್‌ಸ್ಟಿಕ್ ಮೇಲೆ ಹಾಲಿನ ಕಾಫಿಯಂಥ ಬಣ್ಣ ಕಂಡರೆ ಸ್ಟಾರ್ಟ್ ಮಾಡಲೇಬೇಡಿ.

ಅನುಮಾನ ಉಳಿದರೆ ಗ್ಯಾಸ್ ಲೀಕ್ ಟೆಸ್ಟರ್ ಬಳಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಗಾಜಿನ ಕೊಳವೆ ಅದು. ಪೆಟ್ರೋಲ್ ಎಂಜಿನ್ನಿನಲ್ಲಿ ದ್ರವ ಹಳದಿಯಾಗುತ್ತದೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗಿದರೂ ಸಾಕು. ಹಳದಿಯಾಗಲಿಲ್ಲ ಅಂತ ಡೀಸೆಲ್ ಗಾಡಿಯವರು ಮೋಸ ಹೋಗುವುದು ಇಲ್ಲೇ. ಕಂಪ್ರೆಶನ್ ನೋಡಲು ಡೀಸೆಲ್‌ಗೆಂದೇ ಇರುವ ಗೇಜ್ ಬೇಕು. ಇದರ ಕಂಪ್ರೆಶನ್ ರೇಶಿಯೊ 21:1, ಪೆಟ್ರೋಲ್ ಗೇಜ್ ಹಾಕಿದರೆ ಗೇಜೇ ಹೋಗುತ್ತದೆ.

ಬಿಚ್ಚುವುದು

ಈ ವ್ಯಾನಿನಲ್ಲಿ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಸೀಟು ಎತ್ತಿ, ಅದರಡಿಯ ಮುಚ್ಚಳ ತೆಗೆದು, ಕೆಲಸವೆಲ್ಲ ಆ ಕಿಂಡಿಯಿಂದಲೇ. ಬಾಗಿ ಬಾಗಿ ಸೊಂಟ ಹೋಗುತ್ತದೆ. ನಾನು ಸೀಟನ್ನೇ ಬಿಚ್ಚಿ ಹೊರಗಿಟ್ಟು, ನೆಲಕ್ಕೆ ಹಳೇ ಕಂಬಳಿ ಹಾಸಿದೆ. ಒಂದು ತಾಸು ಜಾಸ್ತಿ ಆಯಿತು, ಸೊಂಟ ಉಳಿಯಿತು.

ಬ್ಯಾಟರಿ ತಪ್ಪಿಸಿ. ರೇಡಿಯೇಟರಿನಿಂದಲೂ ಬ್ಲಾಕಿನ ಡ್ರೇನಿನಿಂದಲೂ ಕೂಲೆಂಟ್ ಇಳಿಸಿ, ಬಕೆಟ್ ತೆರೆದಿಡಬೇಡಿ. ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಆಮೇಲೆ ಏರ್ ಪೈಪು, ಹೀಟರ್ ಹೋಸು, ಟರ್ಬೊಗೆ ಆಯಿಲ್ ಕೊಡುವ ಮತ್ತು ಮರಳಿಸುವ ಪೈಪು, ಎಕ್ಸಾಸ್ಟ್ ಬಾಯಿ, ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಎಂಜಿನ್ ಒಳಗೆ ಕಾಯಿಸುವ ಗ್ಲೋ ಪ್ಲಗ್) ವೈರು, ಇಂಜೆಕ್ಟರ್ ಪೈಪು, ರಿಟರ್ನ್ ಪೈಪು. ಟರ್ಬೊ ಮತ್ತು ಮ್ಯಾನಿಫೋಲ್ಡ್ ಹೆಡ್ ಜೊತೆಗೇ ಎತ್ತಬಹುದು, ಆದರೆ ಭಾರ. ತುಕ್ಕು ಹಿಡಿದ ಎಕ್ಸಾಸ್ಟ್ ನಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ.

ಎರಡು ಕೆಲಸ ಸಣ್ಣದಾಗಿ ಕಾಣುತ್ತವೆ, ಮರೆತರೆ ದುಬಾರಿ. ಒಂದು: ಇಂಜೆಕ್ಟರ್ ಪೈಪು ಬಿಚ್ಚಿದ ಕ್ಷಣವೇ ಪಂಪಿನ ಬಾಯಿ, ಇಂಜೆಕ್ಟರ್ ಬಾಯಿ, ಪೈಪಿನ ಎರಡೂ ತುದಿಗೆ ಕ್ಯಾಪ್ ಹಾಕಿ. ಧೂಳಿನ ಕಣ ಒಂದು ಒಳಹೋದರೆ ನಾಜಲ್ ಕೆಡುತ್ತದೆ. ಎರಡು: ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೊ. ಜೋಡಿಸುವ ದಿನ ಯಾವ ಬ್ರಾಕೆಟ್ ಯಾವ ಬೋಲ್ಟಿನಡಿ ಇತ್ತು ಅನ್ನುವುದು ನೆನಪಿರುವುದಿಲ್ಲ.

ಈಗ ಟೈಮಿಂಗ್. ಮೇಲಿನ ಕವರ್ ತೆಗೆದು, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ದಂಡ) ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ ಮೊದಲನೇ ಸಿಲಿಂಡರನ್ನು ಕಂಪ್ರೆಶನ್ನಿನ ತುದಿಗೆ (ಪಿಸ್ಟನ್ ಗಾಳಿ ಒತ್ತಿ ಪೂರ್ತಿ ಮೇಲೆ ಬಂದ ಜಾಗಕ್ಕೆ) ತನ್ನಿ. ಕ್ಯಾಮ್, ಕ್ರ್ಯಾಂಕ್, ಇಂಜೆಕ್ಷನ್ ಪಂಪ್, ಮೂರೂ ಚಕ್ರದ ಗುರುತು ಕೂಡಬೇಕು. ಬಿಳಿ ಪೇಂಟಿನಲ್ಲಿ ನಿಮ್ಮದೇ ಗುರುತು ಹಾಕಿಕೊಳ್ಳಿ. ಬೆಲ್ಟನ್ನು ಕ್ಯಾಮ್ ಚಕ್ರಕ್ಕೆ ಕಟ್ಟಿ ಹಾಗೇ ನೇತು ಹಾಕಿ ಮತ್ತೆ ಅದನ್ನೇ ಬಳಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಮದು ಗಾಡಿಯಲ್ಲಿ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅನ್ನುವುದಕ್ಕೆ ಕವರ್ ಮೇಲೆ ಅಂಟಿಸಿದ ಜಪಾನಿ ಚೀಟಿಯೇ ಸಾಕ್ಷಿ, ಅದೂ ಅಂಟಿಸಿದ್ದರೆ. ಇದರಲ್ಲಿ ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಸಣ್ಣ ಬೆಲ್ಟ್ ಬೇರೆ ಇದೆ. ಅದು ತುಂಡಾಗಿ ದೊಡ್ಡ ಬೆಲ್ಟಿಗೆ ಸಿಕ್ಕಿಕೊಳ್ಳುವುದು ಈ ಎಂಜಿನ್ನಿನ ಹಳೇ ಕಾಯಿಲೆ. ಎರಡೂ ಬೆಲ್ಟು, ಟೆನ್ಶನರ್ ಹೊಸದು ಹಾಕಿ, ವಾಟರ್ ಪಂಪನ್ನೂ ಈಗಲೇ ನೋಡಿ.

ರಾಕರ್ ಕವರ್ ತೆಗೆದು ಹೆಡ್ ಬೋಲ್ಟ್ ಸಡಿಲಿಸುವಾಗ ಎರಡೂ ತುದಿಯಿಂದ ಮಧ್ಯಕ್ಕೆ ಬನ್ನಿ, ಒಂದೇ ಸಲಕ್ಕೆ ಬೇಡ, ಮೂರು ಸುತ್ತಿನಲ್ಲಿ. ಬಿಸಿ ಎಂಜಿನ್ನಿನಲ್ಲಿ ಬಿಚ್ಚಿದರೆ ಚೆನ್ನಾಗಿದ್ದ ಹೆಡ್ಡೂ ಬಾಗುತ್ತದೆ. ಎಲ್ಲ ಬಿಚ್ಚಿದ ಮೇಲೂ ಹೆಡ್ ಅಲುಗದಿದ್ದರೆ ಇನ್ನೊಂದು ಬೋಲ್ಟ್ ಎಲ್ಲೋ ಉಳಿದಿದೆ ಅಂತಲೇ ಅರ್ಥ. ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಹೆಡ್ಡಿನ ಕೆಳಮುಖದ ಮೇಲೆ ಬಿದ್ದ ಒಂದು ಗೀರು ಗ್ಯಾಸ್ಕೆಟ್ ತಿನ್ನುತ್ತದೆ. ಎತ್ತಲು ಇನ್ನೊಬ್ಬರನ್ನು ಕರೆಯಿರಿ. ಮರದ ತುಂಡುಗಳ ಮೇಲೆ ಇಡಿ, ತೆರೆದಿರುವ ವಾಲ್ವು ಮುಖದಿಂದ ಹೊರಚಾಚಿರುತ್ತದೆ.

ಹೆಡ್ ಏನು ಹೇಳುತ್ತದೆ

ತೊಳೆಯುವ ಮೊದಲು ನೋಡಿ. ತೊಳೆದರೆ ಸಾಕ್ಷಿ ಹೋಗುತ್ತದೆ. ನನ್ನ ಎಂಜಿನ್ನಿನಲ್ಲಿ ಒಂದು, ಎರಡು, ನಾಲ್ಕನೇ ಪಿಸ್ಟನ್ ತಲೆ ಕಾಡಿಗೆ ಬಳಿದ ಹಾಗಿತ್ತು. ಮೂರನೆಯದು ಮಾತ್ರ ತಿಕ್ಕಿ ತೊಳೆದ ತಾಮ್ರದ ಚೊಂಬಿನ ಹಾಗೆ ಸ್ವಚ್ಛ. ಹಬೆ ಹೊಡೆದು ಮಸಿಯನ್ನೆಲ್ಲ ಎಬ್ಬಿಸಿತ್ತು. ನೀರು ಬರುತ್ತಿದ್ದದ್ದು ಅಲ್ಲಿಗೆ. ಗ್ಯಾಸ್ಕೆಟ್ಟಿನ ಉಕ್ಕಿನ ಬಳೆ ಸರಿಯಾಗೇ ಇತ್ತು, ಹಾಗಾದರೆ ಬಿರುಕು ಹೆಡ್ಡಿನಲ್ಲೇ ಇರಬೇಕು.

ಇನ್ನು ಅಳತೆ. ಹೆಡ್ಡಿನ ಮುಖವನ್ನು ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆದು ಸ್ವಚ್ಛ ಮಾಡಿ. ಸ್ಟ್ರೈಟ್ ಎಡ್ಜನ್ನು ಉದ್ದಕ್ಕೆ ಎರಡು ಅಂಚಿನಲ್ಲಿ, ಮಧ್ಯದಲ್ಲಿ, ಎರಡು ಕರ್ಣದಲ್ಲಿ, ಅಡ್ಡಕ್ಕೆ ಪ್ರತಿ ಸಿಲಿಂಡರ್ ನಡುವೆ ಇಟ್ಟು ಅದರಡಿಗೆ ಫೀಲರ್ ಗೇಜ್ (ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿ) ತೂರಿಸಿ. ಮಿತ್ಸುಬಿಷಿ ಲೆಕ್ಕದಲ್ಲಿ 0.05 ಮಿ.ಮೀ. ಒಳಗಿದ್ದರೆ ಹೊಸದರ ಸಮ, 0.2 ದಾಟಿದರೆ ಆಗದು. ಫೇಸಿಂಗ್ ಮಾಡಿಸಿ, ಅಂದರೆ ಮುಖವನ್ನು ಮಶಿನ್ನಿನಲ್ಲಿ ಸಮ ಮಾಡಿಸಿ, ತೆಗೆಯಬಹುದಾದದ್ದೂ ಅಷ್ಟೇ, ಹೆಡ್ ಮತ್ತು ಬ್ಲಾಕ್ ಎರಡೂ ಸೇರಿ 0.2 ಮಿ.ಮೀ.

ಇಲ್ಲಿ ಊರಿನ ಲೇತ್ ಅಂಗಡಿಯ ಅಭ್ಯಾಸ ಕೈ ಕೊಡುತ್ತದೆ. "ಸ್ವಲ್ಪ ಜಾಸ್ತಿ ಫೇಸಿಂಗ್ ಹೊಡೆದು ದಪ್ಪ ಗ್ಯಾಸ್ಕೆಟ್ ಹಾಕೋಣ" ಅನ್ನುವವರಿದ್ದಾರೆ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ನಡುವೆ ಉಳಿಯುವುದು ತೀರ ಕಡಿಮೆ ಜಾಗ. ಜೊತೆಗೆ ಸ್ವರ್ಲ್ ಚೇಂಬರಿನ ಬಾಯಿಗೆ ಕೂರಿಸಿದ ಉಕ್ಕಿನ ಬಿಲ್ಲೆಗಳಿವೆ. ಅವು ಮುಖಕ್ಕೆ ಸಮನಾಗಿ ಕೂರದೆ ಎದ್ದು ನಿಂತರೆ ಗ್ಯಾಸ್ಕೆಟ್ ಅಲ್ಲೇ ಸುಡುತ್ತದೆ. ಫೇಸಿಂಗ್ ಆದ ಮೇಲೆ ವಾಲ್ವ್ ತಲೆ ಮುಖದಿಂದ ಎಷ್ಟು ಒಳಗಿದೆ ಅಂತ ಡಯಲ್ ಗೇಜಿನಲ್ಲಿ ಅಳೆದು, ಮ್ಯಾನುಯಲ್ ಜೊತೆ ಹೋಲಿಸಿಯೇ ಹೆಡ್ ಮನೆಗೆ ತನ್ನಿ.

ಬಿರುಕಿಗೆ ಡೈ ಪೆನಿಟ್ರಂಟ್ ಅನ್ನುವ ಮೂರು ಡಬ್ಬಿ ಸ್ಪ್ರೇ ಸಾಕು. ಮೊದಲು ಕ್ಲೀನರ್. ಆಮೇಲೆ ಕೆಂಪು ಬಣ್ಣ ಸಿಂಪಡಿಸಿ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಬಟ್ಟೆಯಿಂದ ಒರೆಸಿ ಬಿಳಿ ಪುಡಿ ಹೊಡೆಯಿರಿ. ಏನೂ ಇಲ್ಲ ಅಂದುಕೊಂಡು ಚಹಾ ಕುಡಿಯಲು ಹೋದೆ. ಬಂದು ನೋಡಿದರೆ ಮೂರನೇ ಸಿಲಿಂಡರಿನ ಎರಡು ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಂಥ ಕೆಂಪು ಗೆರೆ, ಬಿಳಿಯ ಮೇಲೆ ಕುಂಕುಮದಲ್ಲಿ ಎಳೆದ ಹಾಗೆ, ನಿಧಾನವಾಗಿ ದಪ್ಪವಾಗುತ್ತಿತ್ತು.

ಆ ಜಾಗದಲ್ಲಿ ಬಿರುಕು ಕಂಡ ಮಾತ್ರಕ್ಕೆ ಹೆಡ್ ಗುಜರಿಗೆ ಅಂತಲ್ಲ. ಹಳೇ ಡೀಸೆಲ್ ಹೆಡ್‌ಗಳಲ್ಲಿ ಸೀಟುಗಳ ನಡುವೆ ಮೇಲ್ಮೈ ಬಿರುಕು ಇದ್ದೂ ವರ್ಷಗಟ್ಟಲೆ ಓಡಿದ್ದುಂಟು. ಅದು ನೀರಿನ ದಾರಿಯವರೆಗೆ ಹೋಗಿದೆಯೇ ಅನ್ನುವುದೇ ಪ್ರಶ್ನೆ. ಉತ್ತರ ಮನೆಯಲ್ಲಿ ಸಿಗುವುದಿಲ್ಲ. ಎಂಜಿನ್ ಮಶಿನ್ ಶಾಪಿನವರು ನೀರಿನ ತೂತುಗಳನ್ನೆಲ್ಲ ಪ್ಲೇಟ್ ಹಾಕಿ ಮುಚ್ಚಿ, ಒಳಗೆ ಗಾಳಿಯ ಒತ್ತಡ ಕೊಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುತ್ತಾರೆ. ಬಿಸಿನೀರೇ ಆಗಬೇಕು, ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ನನ್ನದರಲ್ಲಿ ಮೂರನೇ ಸಿಲಿಂಡರಿನ ಸೀಟಿನಡಿಯಿಂದ ಗುಳ್ಳೆಗಳ ಸಾಲು ಎದ್ದಿತು. ಗಡಸುತನವನ್ನೂ ಪರೀಕ್ಷೆ ಮಾಡಿಸಿ. ಅತಿಯಾಗಿ ಕಾದ ಅಲ್ಯೂಮಿನಿಯಂ ಮೆತ್ತಗಾಗಿರುತ್ತದೆ. ಅಂಥ ಹೆಡ್ಡಿಗೆ ಎಷ್ಟು ಟಾರ್ಕ್ (ಬೋಲ್ಟ್ ಬಿಗಿಯುವ ಬಲ) ಕೊಟ್ಟರೂ ಬೋಲ್ಟಿನಡಿ ಕುಸಿಯುತ್ತಲೇ ಹೋಗುತ್ತದೆ.

ಬೆಸುಗೆಯೋ, ಹೊಸದೋ

ಅಲ್ಯೂಮಿನಿಯಂ ಹೆಡ್ಡಿಗೆ ಬೆಸುಗೆ ಹಾಕಬಹುದು. ಸೀಟು ಕಿತ್ತು, ಬಿರುಕನ್ನು ಬುಡದವರೆಗೆ ಕೊರೆದು, ಇಡೀ ಹೆಡ್ ಕಾಯಿಸಿ, ಟಿಗ್ ಬೆಸುಗೆ ತುಂಬಿ, ನಿಧಾನವಾಗಿ ಆರಿಸಿ, ಮತ್ತೆ ಸೀಟು ಕೂರಿಸಿ, ಮುಖ ಸಮ ಮಾಡಬೇಕು. ಚೆನ್ನಾಗಿ ಮಾಡುವ ಕೈಗಳಿವೆ. ಆದರೆ ನೀರಿನ ದಾರಿ ಮುಟ್ಟಿದ, ಸ್ವರ್ಲ್ ಚೇಂಬರ್ ಇರುವ ಹೆಡ್ಡಿನ ಸೀಟು ಸೇತುವೆ ಅಂದರೆ ಎಂಜಿನ್ನಿನ ಅತಿ ಬಿಸಿ ಜಾಗ. ಬೇರೆಡೆ ಸಿಗದ ಅಪರೂಪದ ಎಂಜಿನ್ ಆದರೆ ಬೆಸುಗೆ ಹಾಕಿಸಿ. 4ಡಿ56ಕ್ಕೆ ಹೊಸ ಬರೀ ಹೆಡ್ (ವಾಲ್ವು, ಕ್ಯಾಮ್ ಇಲ್ಲದ್ದು) ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತದೆ. ನಾನು ಅದನ್ನೇ ತರಿಸಿದೆ. ಗುಜರಿಯ ಹಳೇ ಹೆಡ್ ಅಗ್ಗ ನಿಜ, ಅದರದೂ ಇದೇ ವಯಸ್ಸು, ಇದೇ ಕಥೆ.

ಹೊಸ ಹೆಡ್ ಪೆಟ್ಟಿಗೆ ಬಿಚ್ಚಿ ನೇರ ಕೂರಿಸಬೇಡಿ. ಎರಕದ ಮರಳು, ಲೋಹದ ಚೂರು ಒಳಗಿರುತ್ತವೆ. ಪ್ರತಿ ಆಯಿಲ್ ತೂತಿಗೂ ಬ್ರಶ್ ಹಾಕಿ, ತೊಳೆದು, ಗಾಳಿ ಹೊಡೆಯಿರಿ. ಕ್ಯಾಮ್ ಕ್ಯಾಪುಗಳು ಆಯಾ ಹೆಡ್ಡಿಗೇ ಕೊರೆದು ಬಂದವು, ಹಳೇ ಹೆಡ್ಡಿನವನ್ನು ಇದಕ್ಕೆ ಹಾಕುವಂತಿಲ್ಲ. ಕ್ಯಾಮ್ ಕೂರಿಸಿ, ಕ್ಯಾಪ್ ಬಿಗಿದು, ಬೆರಳಲ್ಲಿ ತಿರುಗುತ್ತದೆಯೇ ನೋಡಿ. ಎಲ್ಲಿಯಾದರೂ ತಡೆದರೆ ವಾಪಸ್ ಕಳಿಸಿ.

ಹಳೇ ವಾಲ್ವು ಚೆನ್ನಾಗಿದ್ದರೆ ಲ್ಯಾಪಿಂಗ್ ಮಾಡಿ (ಪೇಸ್ಟ್ ಹಚ್ಚಿ ಸೀಟಿಗೆ ಉಜ್ಜಿ ಕೂರಿಸಿ), ಸ್ಟೆಮ್ ಸೀಲು ಹೊಸದು ಹಾಕಿ ಜೋಡಿಸಿ. ಸೀಟು ಹಿಡಿಯಿತೇ ಅನ್ನುವುದಕ್ಕೆ ಮಾವ ಕಲಿಸಿದ ಪರೀಕ್ಷೆ: ಹೆಡ್ ಮಗ್ಗುಲಾಗಿಟ್ಟು ಪೋರ್ಟ್ ತುಂಬ ಸೀಮೆಎಣ್ಣೆ ಹಾಕಿ, ವಾಲ್ವ್ ಸುತ್ತ ಒಣ ಕಾಗದ ಒತ್ತಿ ಹತ್ತು ನಿಮಿಷ ಬಿಡಿ. ಕಾಗದ ಒದ್ದೆಯಾದರೆ ಮತ್ತೆ ಲ್ಯಾಪಿಂಗ್. ಇಂಜೆಕ್ಟರುಗಳನ್ನು ಇದೇ ಹೊತ್ತಿನಲ್ಲಿ ನಾಜಲ್ ಟೆಸ್ಟಿಗೆ ಕೊಡಿ. ನಾಜಲ್ ಹನಿಸುತ್ತಿದ್ದರೆ ಆ ಒಂದು ಸಿಲಿಂಡರ್ ಅತಿಯಾಗಿ ಕಾಯುತ್ತದೆ. ನನ್ನ ಮೂರನೆಯದು ಹನಿಸುತ್ತಿತ್ತು. ಬಿರುಕು ಅಲ್ಲೇ ಬಿದ್ದದ್ದಕ್ಕೆ ಅರ್ಧ ಉತ್ತರ ಸಿಕ್ಕಿತು.

ಬ್ಲಾಕ್ ಕಡೆ

ಎಲ್ಲರೂ ಹೆಡ್ಡಿಗೆ ಪೂಜೆ ಮಾಡಿ ಬ್ಲಾಕನ್ನು ಮರೆಯುತ್ತಾರೆ. ಅದರ ಮುಖವನ್ನೂ ಅದೇ ಸ್ಟ್ರೈಟ್ ಎಡ್ಜಿನಿಂದ ಅಳೆಯಿರಿ. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜು ಚಕ್ರ ಬಳಸಬೇಡಿ, ಅದರ ಪುಡಿ ಆಯಿಲ್ ದಾರಿಗೆ ಇಳಿದು ಬೇರಿಂಗ್ ತಿನ್ನುತ್ತದೆ. ಬೋಲ್ಟ್ ತೂತಿನ ತಳದಲ್ಲಿ ನೀರೋ ಆಯಿಲ್ಲೋ ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಅದಕ್ಕೆ ಹೋಗಲು ದಾರಿ ಇಲ್ಲದೆ ಬ್ಲಾಕನ್ನೇ ಸೀಳುತ್ತದೆ. ಜೊತೆಗೆ ಟಾರ್ಕ್ ಸುಳ್ಳು ಬರುತ್ತದೆ. ಹಳೇ ಬೋಲ್ಟಿನ ತಿರುಪಿನ ಎಳೆಗಳಿಗೆ ಉದ್ದಕ್ಕೆ ಗರಗಸದಲ್ಲಿ ಎರಡು ಗೀರು ಹಾಕಿ, ಅದನ್ನೇ ಒಳಗೆ ಹೊರಗೆ ತಿರುಗಿಸಿ ಕಸ ತೆಗೆಯಿರಿ, ಗಾಳಿ ಹೊಡೆಯಿರಿ, ಕನ್ನಡಕ ಹಾಕಿಕೊಂಡು.

ಹಳೇ ಗ್ಯಾಸ್ಕೆಟ್ ಎಸೆಯುವ ಮೊದಲು ಅದರ ಅಂಚಿನಲ್ಲಿ ಕಚ್ಚು ಅಥವಾ ತೂತಿನ ಗುರುತು ಇದೆಯೇ ನೋಡಿ. ಡೀಸೆಲ್ ಗ್ಯಾಸ್ಕೆಟ್ಟಿನ ದಪ್ಪ ತಿಳಿಸುವುದು ಆ ಗುರುತು. ಪಿಸ್ಟನ್ ತುದಿಗೆ ಬಂದಾಗ ಬ್ಲಾಕಿನ ಮುಖದಿಂದ ಎಷ್ಟು ಮೇಲೆದ್ದಿದೆ ಅಂತ ಡಯಲ್ ಗೇಜಿನಿಂದ ನಾಲ್ಕಕ್ಕೂ ಅಳೆದು, ಅದಕ್ಕೊಪ್ಪುವ ದಪ್ಪವನ್ನೇ ತನ್ನಿ.

ಕೂರಿಸುವುದು

ಗ್ಯಾಸ್ಕೆಟ್ ಒಣಗಿದ್ದೇ ಕೂರಬೇಕು. ಅನಾಬಾಂಡ್ (ಸೋರದಂತೆ ಹಚ್ಚುವ ಸೀಲಂಟ್) ಬಳಿಯುವ ಚಟ ಇದ್ದವರು ಕೈ ಕಟ್ಟಿಕೊಳ್ಳಿ. ಗುರುತಿರುವ ಮಗ್ಗುಲು ಮೇಲಕ್ಕೆ, ಎಲ್ಲ ತೂತೂ ಕೂಡಿತೇ ನೋಡಿ. ಹೆಡ್ ಇಳಿಸುವಾಗ ಒಬ್ಬರು ಸೀಟಿನ ಕಿಂಡಿಯಿಂದ, ಇನ್ನೊಬ್ಬರು ಪಕ್ಕದ ಬಾಗಿಲಿನಿಂದ. ಗ್ಯಾಸ್ಕೆಟ್ ಮೇಲೆ ಜಾರಿಸಬೇಡಿ, ಡೋವೆಲ್ ಪಿನ್ನುಗಳ ಮೇಲೆ ನೇರ ಇಳಿಸಿ.

ಬೋಲ್ಟಿನ ತಿರುಪಿನ ಎಳೆಗೂ ವಾಷರಿನಡಿಗೂ ತೆಳುವಾಗಿ ಎಂಜಿನ್ ಆಯಿಲ್ ಸವರಿ. ಮಧ್ಯದಿಂದ ಹೊರಕ್ಕೆ ಸುತ್ತು ಹಾಕುತ್ತ ಬಿಗಿಯಿರಿ. ನನ್ನ ಎಂಜಿನ್ನಿನ ಮ್ಯಾನುಯಲ್ ಪ್ರಕಾರ ಕೊನೆಯ ಟಾರ್ಕ್ ತಣ್ಣಗಿರುವಾಗ 105ರಿಂದ 115 ನ್ಯೂಟನ್ ಮೀಟರ್. ನಾನು 40, 80, 110 ಅಂತ ಮೂರು ಸುತ್ತಿನಲ್ಲಿ ಹೋದೆ. ನಿಮ್ಮ ಎಂಜಿನ್ ಕೋನದಿಂದ ಬಿಗಿಯುವ, ಹಿಗ್ಗುವ ಜಾತಿಯ ಬೋಲ್ಟಿನದಾದರೆ ಈ ಸಂಖ್ಯೆ ನಿಮಗಲ್ಲ, ಬೋಲ್ಟೂ ಹೊಸದೇ ಬೇಕು. ಗ್ಯಾಸ್ಕೆಟ್ ಜೊತೆ ಬಂದ ಚೀಟಿ ಓದಿ.

ಹೊಸ ಬೆಲ್ಟ್ ಹಾಕುವಾಗ ಇಂಜೆಕ್ಷನ್ ಪಂಪಿನ ಚಕ್ರ ಸ್ಪ್ರಿಂಗಿನಂತೆ ಪಕ್ಕಕ್ಕೆ ಜಿಗಿಯಲು ನೋಡುತ್ತದೆ, ಗುರುತಿನಲ್ಲಿ ಹಿಡಿದೇ ಬೆಲ್ಟ್ ಹಾಯಿಸಿ. ಟೆನ್ಶನ್ ಆದ ಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಮೂರೂ ಗುರುತು ಮತ್ತೆ ಕೂಡಬೇಕು. ಮಧ್ಯೆ ಗಟ್ಟಿಯಾಗಿ ತಡೆದರೆ ಒತ್ತಬೇಡಿ, ವಾಲ್ವು ಪಿಸ್ಟನ್ನಿಗೆ ಮುಟ್ಟುತ್ತಿದೆ. ಬೆಲ್ಟ್ ಹಲ್ಲು ತಪ್ಪಿದೆ.

ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು): ಬಿಸಿಯಲ್ಲಿ ಇನ್ಲೆಟ್, ಎಕ್ಸಾಸ್ಟ್ ಎರಡಕ್ಕೂ 0.25 ಮಿ.ಮೀ. ಮೊದಲ ಸ್ಟಾರ್ಟಿಗೆ ತಣ್ಣಗಿರುವಾಗ 0.15 ಇಟ್ಟುಕೊಳ್ಳಿ. ಫೈರಿಂಗ್ ಆರ್ಡರ್ 1-3-4-2. ಒಂದನೇ ಸಿಲಿಂಡರ್ ಕಂಪ್ರೆಶನ್ ತುದಿಯಲ್ಲಿದ್ದಾಗ ಒಂದನೆಯದರ ಎರಡೂ, ಎರಡನೆಯದರ ಇನ್‌ಲೆಟ್, ಮೂರನೆಯದರ ಎಕ್ಸಾಸ್ಟ್ ಹೊಂದಿಸಿ. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ನಾಲ್ಕನೆಯದರ ಎರಡೂ, ಎರಡನೆಯದರ ಎಕ್ಸಾಸ್ಟ್, ಮೂರನೆಯದರ ಇನ್‌ಲೆಟ್. ರಾಕರ್ ಕವರ್ ಹಾಕುವ ಮೊದಲು ಹೆಡ್ಡಿನ ತುದಿಯ ಅರ್ಧಚಂದ್ರಾಕಾರದ ರಬ್ಬರ್ ನೆನಪಿರಲಿ. ಅದರ ಮೂಲೆಗೆ ಚೂರು ಸೀಲಂಟ್ ಹಚ್ಚದಿದ್ದರೆ ಆಯಿಲ್ ಎಕ್ಸಾಸ್ಟ್ ಮೇಲೆ ಹನಿದು ಗಾಡಿಯೊಳಗೆಲ್ಲ ಹೊಗೆ. (ಈ ಪ್ಯಾರಾದಲ್ಲಿ ಅನಾಬಾಂಡಿನವರ ಕೈ ಬಿಚ್ಚಿದ್ದೇನೆ.) ಇಂಜೆಕ್ಟರ್ ವಾಷರುಗಳು ಎಲ್ಲವೂ ಹೊಸದೇ ಆಗಬೇಕು.

ನೀರು, ಡೀಸೆಲ್, ಮೊದಲ ಸದ್ದು

ತುಕ್ಕು ತಿಂದ ಹಿಂದಿನ ಹೀಟರ್ ಪೈಪನ್ನು ಈಗಾಗಲೇ ಬದಲಾಯಿಸಿರಬೇಕು. ನಾನು ತಾಮ್ರದ ಪೈಪು ಹಾಕಿ, ಕ್ಲಾಂಪಿನಡಿಗೆ ರಬ್ಬರ್ ಕೊಟ್ಟೆ. ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಹೊಸವು. ರೇಡಿಯೇಟರನ್ನು ನೀರು ಹಾಯಿಸಿ ತೊಳೆಯಿರಿ.

ಗಾಡಿಯ ಮೂತಿ ಮೇಲಾಗುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ. ಮುಂದಿನ ಹೀಟರ್, ಹಿಂದಿನ ಹೀಟರ್ ಎರಡೂ ಪೂರ್ತಿ ಬಿಸಿಗೆ ತಿರುಗಿಸಿ. ಕೂಲೆಂಟ್ ಮತ್ತು ಶುದ್ಧ ನೀರು ಅರ್ಧಕ್ಕರ್ಧ. ಹಾಗೆ ಬೆರೆಸಿದರೆ ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ, ಅಲ್ಯೂಮಿನಿಯಂ ತಿನ್ನುವುದೂ ಇಲ್ಲ. ಊರಲ್ಲಿ ನಲ್ಲಿ ನೀರು ತುಂಬಿಸಿ ಓಡಿಸುತ್ತೇವಲ್ಲ, ಹೆಡ್ಡಿನ ನೀರಿನ ತೂತು ಗೆದ್ದಲು ತಿಂದ ಹಾಗೆ ಆಗುವುದು ಅದರಿಂದಲೇ. ನಿಧಾನವಾಗಿ ತುಂಬಿ, ಹೋಸುಗಳನ್ನು ಹಿಸುಕುತ್ತ ಗಾಳಿ ಬಿಡಿಸಿ. ಉದ್ದದ ಪೈಪಿರುವ ವ್ಯಾನಿನಲ್ಲಿ ಗಾಳಿ ಸಿಕ್ಕಿಕೊಂಡರೆ ಹೊಸ ಹೆಡ್ಡೂ ಮೊದಲ ದಿನವೇ ಕಾಯುತ್ತದೆ.

ಹೊಸ ಆಯಿಲ್, ಹೊಸ ಫಿಲ್ಟರ್. ಡೀಸೆಲ್ ಫಿಲ್ಟರ್ ಮೇಲಿನ ಹ್ಯಾಂಡ್ ಪಂಪ್ ಗಟ್ಟಿಯಾಗುವವರೆಗೆ ಒತ್ತಿ. ಇಂಜೆಕ್ಷನ್ ಪಂಪಿನ ಫ್ಯೂಯಲ್ ಕಟ್ ವೈರ್ ಕಿತ್ತು, ಆಯಿಲ್ ದೀಪ ಆರುವವರೆಗೆ ಬರೀ ಸೆಲ್ಫ್ ಹೊಡೆಯಿರಿ. ಟರ್ಬೊಗೆ ಎಣ್ಣೆ ತಲುಪಬೇಕು. ಆಮೇಲೆ ವೈರ್ ಹಾಕಿ, ಇಂಜೆಕ್ಟರ್ ಕಡೆಯ ನಟ್ಟುಗಳನ್ನು ಸಡಿಲ ಬಿಟ್ಟು ಸೆಲ್ಫ್ ಹೊಡೆದರೆ ಗಾಳಿ ಹೋಗಿ ಡೀಸೆಲ್ ಜಿನುಗುತ್ತದೆ, ಆಗ ಬಿಗಿಯಿರಿ. ಕೈ ದೂರ ಇರಲಿ. ಆ ಒತ್ತಡದ ಡೀಸೆಲ್ ಚರ್ಮದೊಳಗೆ ಹೊಕ್ಕರೆ ಸೀದಾ ಆಸ್ಪತ್ರೆಗೇ ಹೋಗಬೇಕು, ತೊಳೆದುಕೊಂಡು ಸುಮ್ಮನಾಗುವಂಥದ್ದಲ್ಲ.

ಮೊದಲೆರಡು ನಿಮಿಷ ಎಂಜಿನ್ ಎಡವುತ್ತದೆ, ಹೊಗೆ ಕೊಡುತ್ತದೆ, ಹೆದರಬೇಡಿ. ರೇಸ್ ಕೊಡಬೇಡಿ. ಥರ್ಮೋಸ್ಟಾಟ್ ತೆರೆಯುವವರೆಗೆ ಓಡಿಸಿ, ಕೆಳಗಿನ ಹೋಸ್ ಬಿಸಿಯಾಗಬೇಕು, ಎರಡೂ ಹೀಟರ್‌ನಲ್ಲಿ ಬಿಸಿ ಗಾಳಿ ಬರಬೇಕು. ಬಿಸಿಯಲ್ಲೇ ವಾಲ್ವ್ ಕ್ಲಿಯರೆನ್ಸ್ 0.25ಕ್ಕೆ ಮತ್ತೆ ಹೊಂದಿಸಿ. ನಿಮ್ಮ ಗ್ಯಾಸ್ಕೆಟ್ ಬಿಸಿಯಲ್ಲಿ ಮರುಬಿಗಿ ಕೇಳಿದರೆ ಆಗಲೇ ಮಾಡಿ.

ಒಂದು ವಾರ ದಿನಾ ಬೆಳಿಗ್ಗೆ ತಣ್ಣಗಿರುವಾಗ ಕ್ಯಾಪ್ ತೆಗೆದು ಮಟ್ಟ ನೋಡಿ. ಮೊದಲೆರಡು ದಿನ ಸ್ವಲ್ಪ ಇಳಿಯುವುದು ಸಹಜ, ಉಳಿದ ಗಾಳಿ ಹೊರಬರುತ್ತಿರುತ್ತದೆ. ನಾಲ್ಕನೇ ದಿನವೂ ಇಳಿದರೆ ಪ್ರೆಶರ್ ಟೆಸ್ಟರ್ ಮತ್ತೆ ಹಾಕಿ. 500 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ, ಒಳಗೆ ಉಳಿದ ಕೂಲೆಂಟ್ ಅದರ ಜೊತೆ ಹೋಗುತ್ತದೆ.

ನನ್ನದಕ್ಕೆ ಮೂರು ವಾರಾಂತ್ಯ ಹಿಡಿಯಿತು. ಕೊನೆಗೆ ಕೂಲೆಂಟ್ ಮಟ್ಟ ಇಳಿದರೆ ಕೂಗುವ ಸಣ್ಣ ಅಲಾರಂ ಒಂದನ್ನು ಹಾಕಿದೆ. ಅದರ ಸೆನ್ಸರನ್ನು ಮೇಲಿನ ಹೋಸಿಗೆ ಕೂರಿಸಿ, ಬಝರನ್ನು ಡ್ಯಾಶ್‌ಬೋರ್ಡಿನಡಿ ಇಟ್ಟೆ. ವೈರ್ ಕಟ್ಟುವಾಗ ಮಗಳು ಟಾರ್ಚ್ ಹಿಡಿದಿದ್ದಳು. "ಇನ್ಮೇಲೆ ಹೀಟರ್ ತಣ್ಣಗಾದ್ರೆ ನಾನು ಹೇಳ್ಬೇಕಾಗಿಲ್ವಾ?" ಅಂದಳು. ಹೇಳು, ಹೇಳಿದ ತಕ್ಷಣ ನಿಲ್ಲಿಸ್ತೀನಿ ಅಂದೆ.